ಮೆಕ್ಕೆಜೋಳದ ಬೂಷ್ಟು ಮತ್ತು ಮನೆಮಂದಿಯ ಆರೋಗ್ಯ

ಸಂಡೂರು ತಾಲೂಕಿನ ಯಶವಂತನಗರದ ಸುತ್ತಮುತ್ತ ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳವು ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕಟಾವಿಗೆ ಬರುತ್ತದೆ. ಹಿಂಗಾರು ಮಳೆ ಬೀಳುವುದೂ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮ ಆಕಾಶದಲ್ಲಿ ಮೂರು ದಿನ, ನಾಲ್ಕು ದಿನ ಮೋಡ ಕವಿಯುವುದೂ ಇದೇ ತಿಂಗಳುಗಳಲ್ಲಿ. ವರ್ಷವಿಡೀ ಪಟ್ಟ ಶ್ರಮದ ಫಲವು ಕಣದಲ್ಲಿ ಬಿದ್ದಿರುವಾಗ ಮಳೆ ಬಂದರೆ ರೈತನ ಮನೆಯವರಿಗೆ ಮೊದಲು ತೋರುವುದು ಬೆಲೆಯ ನಷ್ಟ. ಆದರೆ ಬೆಲೆಯ ನಷ್ಟಕ್ಕಿಂತ ಹೆಚ್ಚಿನದೊಂದು ನಷ್ಟ ಅದರಲ್ಲಿ ಅಡಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಕ್ಕೆ ಸಿಗುವುದಿಲ್ಲ. ಆದುದರಿಂದಲೇ ಅದನ್ನು ವಿವರವಾಗಿ ತಿಳಿಯುವುದು ಅಗತ್ಯ.

ಎರಡು ಎಕರೆ ಖುಷ್ಕಿ ಜಮೀನಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ವಯಸ್ಸಾದ ತಾಯಿ, ಎರಡು ವರ್ಷದ ಮಗು. ಒಂದು ಎಮ್ಮೆ, ಹತ್ತು ಕೋಳಿ. ಈ ಮನೆಯ ದಿನನಿತ್ಯದ ರೊಟ್ಟಿ ಬಿಳಿಜೋಳದ್ದು; ಮೆಕ್ಕೆಜೋಳ ಮಾರಾಟದ ಬೆಳೆ. ಗಂಡ ಚೀಲಗಳನ್ನು ಗಾಡಿಗೆ ಹೇರಿಸಿ ಮಂಡಿಗೆ ಒಯ್ಯುತ್ತಾನೆ. ವ್ಯಾಪಾರಿಯು ಚೀಲಕ್ಕೆ ಕೈಯಿಟ್ಟು ಹಿಡಿ ಕಾಳು ತೆಗೆದು ಮೂಸಿ ನೋಡಿ, ಎರಡು ಚೀಲಗಳನ್ನು ಬೇರೆ ಇಡಿಸುತ್ತಾನೆ. ಕಾಳು ಕಪ್ಪಾಗಿದೆ, ಮುಗ್ಗಲು ವಾಸನೆ ಬರುತ್ತಿದೆ ಎಂಬುದು ಅವನ ಆಕ್ಷೇಪಣೆ. ಆ ಎರಡು ಚೀಲಗಳು ಮನೆಗೆ ಹಿಂದಿರುಗುತ್ತವೆ.

“ಏನ್ರೀ, ಈ ಎರಡು ಚೀಲ ಏನು ಮಾಡೋದು?” ಎಂದು ಹೆಂಡತಿ ಕೇಳುತ್ತಾಳೆ.

“ಇರಲಿ ಬಿಡು. ಕೋಳಿಗೆ, ಎಮ್ಮೆಗೆ ಆಗುತ್ತೆ. ಸ್ವಲ್ಪ ಹಸನು ಮಾಡಿ ಜೋಳದ ಜೊತೆ ಗಿರಣಿಗೂ ಹಾಕಿಸು” ಎಂದು ಗಂಡ ಹೇಳುತ್ತಾನೆ.

ಬೆಳೆದ ಧಾನ್ಯವನ್ನು ಚೆಲ್ಲಬಾರದೆಂಬುದು ನಮ್ಮ ಹಿರಿಯರಿಂದ ಬಂದ ಸಂಸ್ಕಾರ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಪರಸ್ಥಳದ ಕೋಳಿಗಳಿಗೆ ಆಗದೆಂದು ವ್ಯಾಪಾರಿ ಬಿಟ್ಟ ಕಾಳು, ನಮ್ಮ ಮನೆಯ ಮಗುವಿನ ರೊಟ್ಟಿಗೂ ಎಮ್ಮೆಯ ಹಾಲಿಗೂ ಸೇರುತ್ತಿದೆ ಎಂಬುದನ್ನು ಗಮನಿಸಬೇಕು. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ತಿನ್ನುವ ಈ ರೂಢಿ ಬಡತನದಿಂದ ಬಂದದ್ದು. ಇದರ ಪರಿಣಾಮವು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ.

1974ರಲ್ಲಿ ನಡೆದದ್ದು

1974ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆಯು ಕಾಣಿಸಿಕೊಂಡಿತು. ರೋಗಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಭಿಲ್ ಜನಾಂಗದ ಬಡ ಬೇಸಾಯಗಾರರು. ಮೆಕ್ಕೆಜೋಳವೇ ಅವರ ಮುಖ್ಯ ಆಹಾರ. ಮೊದಲು ಜ್ವರ, ವಾಂತಿ. ಆಮೇಲೆ ಕಣ್ಣು ಮತ್ತು ಮೂತ್ರ ಹಳದಿಯಾಗುವುದು. ಕೆಲವೇ ದಿನಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಬಾತುಕೊಂಡು ರೋಗಿಯು ಹಾಸಿಗೆ ಹಿಡಿಯುತ್ತಿದ್ದನು. ಆ ಮನೆಗಳಲ್ಲಿ ಅದೇ ಊಟವನ್ನು ಉಂಡ ನಾಯಿಗಳೂ ಹೊಟ್ಟೆ ಉಬ್ಬಿ, ಕಾಮಾಲೆ ಬಂದು ಸತ್ತವು. ಸಾಮಾನ್ಯ ಕಾಮಾಲೆಯಾಗಿದ್ದರೆ ಹೀಗೆ ಮನೆಯ ನಾಯಿಗೆ ಬರುತ್ತಿರಲಿಲ್ಲ. ಈ ಒಂದು ಸಂಗತಿಯು ಸಂಶಯವನ್ನು ಮನೆಯ ಅನ್ನದ ಕಡೆಗೆ ತಿರುಗಿಸಲು ಸಾಕಾಗಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಗಳಿಗೆ ತೆರಳಿ ಪರಿಶೀಲನೆ ನಡೆಸಿದರು. ಆ ವರ್ಷ ಕಟಾವಿನ ಹೊತ್ತಿಗೆ ಅಕಾಲದಲ್ಲಿ ಮಳೆ ಸುರಿದಿತ್ತು. ನೆನೆದ ತೆನೆಗಳನ್ನು ಸರಿಯಾಗಿ ಒಣಗಿಸದೆಯೇ ಮನೆಯೊಳಗೆ ಶೇಖರಿಸಲಾಗಿತ್ತು. ಕಾಳಿನ ಮೇಲೆ ಬೂಷ್ಟು ಬೆಳೆದಿತ್ತು. ಬೇರೆ ಧಾನ್ಯವಿಲ್ಲದ ಮನೆಯವರು ಅದನ್ನೇ ವಾರಗಟ್ಟಲೆ ಉಂಡಿದ್ದರು. ರೋಗ ಬಂದ ಮನೆಗಳ ಕಾಳನ್ನು ಪರೀಕ್ಷಿಸಿದಾಗ ಪ್ರತಿ ಕಿಲೋದಲ್ಲಿ 6ರಿಂದ 15 ಮಿಲಿಗ್ರಾಂಗಳಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಕಂಡುಬಂದಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ಮರಣ ಹೊಂದಿದರು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಬೇನೆ ಊರಿಗೆ ಬಂದದ್ದು ಹೊರಗಿನಿಂದಲ್ಲ, ಅವರವರ ಮನೆಯ ಕಣಜದಿಂದಲೇ.

ಮೂವತ್ತು ವರ್ಷಗಳ ನಂತರ, 2004ರಲ್ಲಿ, ಆಫ್ರಿಕಾ ಖಂಡದ ಕೀನ್ಯಾ ದೇಶದ ಪೂರ್ವಭಾಗದಲ್ಲಿ ಇದೇ ಕಥೆ ಮರುಕಳಿಸಿತು. ಅಲ್ಲಿಯೂ ಸಣ್ಣ ರೈತರು, ಅಲ್ಲಿಯೂ ಮೆಕ್ಕೆಜೋಳ, ಅಲ್ಲಿಯೂ ತೇವ ಆರದ ಕಾಳನ್ನು ಮನೆಯೊಳಗೆ ಇಟ್ಟದ್ದು. 317 ಮಂದಿಗೆ ರೋಗ ತಗುಲಿ 125 ಮಂದಿ ತೀರಿಕೊಂಡರು.

ಈ ವಿಷ ಎಲ್ಲಿಂದ ಬರುತ್ತದೆ?

ಬೂಷ್ಟು ಎಂಬುದು ಒಂದು ಬಗೆಯ ಶಿಲೀಂಧ್ರ. ಉಪ್ಪಿನಕಾಯಿಯ ಮೇಲೆ, ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ ಬೆಳೆಯುವುದನ್ನು ಎಲ್ಲರೂ ಬಲ್ಲರು. ಇದರಲ್ಲಿ ನೂರಾರು ಜಾತಿಗಳಿವೆ, ಎಲ್ಲವೂ ವಿಷಕಾರಿಯಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಜಾತಿಯು ಹೊಲದ ಮಣ್ಣಿನಲ್ಲಿಯೇ ವಾಸವಾಗಿರುತ್ತದೆ. ಕಾಳಿನ ಮೇಲೆ ಇದು ಹಳದಿ ಮಿಶ್ರಿತ ಹಸಿರು ಪುಡಿಯಂತೆ ಕಾಣಿಸುತ್ತದೆ. ಇದು ಸ್ರವಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅದರ ಶೋಧನೆಯಿಂದ ಈ ವಿಷವು ಪತ್ತೆಯಾಯಿತು. ಮೆಕ್ಕೆಜೋಳದಂತೆಯೇ ಕಡಲೆಕಾಯಿಯೂ ಇದಕ್ಕೆ ಸುಲಭವಾಗಿ ಈಡಾಗುವ ಬೆಳೆಯೆಂಬುದನ್ನು ಎರಡನ್ನೂ ಬೆಳೆಯುವ ನಮ್ಮ ಭಾಗದ ರೈತರು ನೆನಪಿನಲ್ಲಿಡಬೇಕು.

ಈ ವಿಷದ ಮೂರು ಗುಣಗಳನ್ನು ಗೃಹಿಣಿಯರು ವಿಶೇಷವಾಗಿ ತಿಳಿದಿರಬೇಕು. ಮೊದಲನೆಯದಾಗಿ, ಇದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಮುಗ್ಗಲು ವಾಸನೆ ಬರುವುದು ಬೂಷ್ಟಿನಿಂದ, ವಿಷದಿಂದಲ್ಲ. ಬೂಷ್ಟನ್ನು ಒರೆಸಿ, ತೊಳೆದು, ಬಿಸಿಲಿಗೆ ಹಾಕಿ ವಾಸನೆ ಹೋಗಲಾಡಿಸಬಹುದು. ಆದರೆ ಕಾಳಿನ ಒಳಗೆ ಇಳಿದ ವಿಷವು ಅಲ್ಲಿಯೇ ಉಳಿಯುತ್ತದೆ. ಎರಡನೆಯದಾಗಿ, ಒಲೆಯ ಬೆಂಕಿಗೆ ಇದು ಬಗ್ಗುವುದಿಲ್ಲ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಈ ವಿಷವು ಪೂರ್ತಿಯಾಗಿ ಒಡೆಯಬೇಕಾದರೆ ಅದರ ಎರಡು ಪಟ್ಟಿಗೂ ಮಿಕ್ಕಿದ ಶಾಖ ಬೇಕು. ಆದುದರಿಂದ ನುಚ್ಚು ಬೇಯಿಸಿದರೂ, ರೊಟ್ಟಿ ಸುಟ್ಟರೂ, ಹಾಲು ಕಾಯಿಸಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. “ಬೆಂಕಿಗೆ ಬಿದ್ದ ಮೇಲೆ ಎಲ್ಲವೂ ಶುದ್ಧ” ಎಂಬ ನಂಬಿಕೆ ರೋಗಾಣುಗಳ ಮಟ್ಟಿಗೆ ಬಹುಮಟ್ಟಿಗೆ ನಿಜ. ಈ ವಿಷದ ಮಟ್ಟಿಗೆ ಸುಳ್ಳು. ಮೂರನೆಯದಾಗಿ, ಇದರ ಅತ್ಯಲ್ಪ ಪ್ರಮಾಣವೂ ಹಾನಿಕರ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಧಾನ್ಯದಲ್ಲಿ ಕಿಲೋ ಒಂದಕ್ಕೆ 15 ಮೈಕ್ರೋಗ್ರಾಂಗಿಂತ ಹೆಚ್ಚಿನ ಅಫ್ಲಾಟಾಕ್ಸಿನ್ ಇರಕೂಡದು. ಒಂದು ಕ್ವಿಂಟಲ್ ಕಾಳಿಗೆ ಇದು ಕೇವಲ ಒಂದೂವರೆ ಮಿಲಿಗ್ರಾಂ. ಉಗುರಿನ ತುದಿಯಲ್ಲಿ ನಿಲ್ಲುವ ಉಪ್ಪಿನ ಪುಡಿಯಷ್ಟು. 1974ರಲ್ಲಿ ಆ ಹಳ್ಳಿಗಳ ಕಾಳಿನಲ್ಲಿದ್ದದ್ದು ಈ ಮಿತಿಯ ನಾನೂರು ಪಟ್ಟಿಗೂ ಹೆಚ್ಚು.

ನಮ್ಮ ಸೀಮೆಗೆ ಹತ್ತಿರದ ಇನ್ನೊಂದು ಘಟನೆಯನ್ನೂ ಇಲ್ಲಿ ಹೇಳಬೇಕು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿಯನ್ನು ಉಂಡವರಿಗೆ, ಉಂಡ ಅರ್ಧ ಗಂಟೆ, ಒಂದು ಗಂಟೆಯೊಳಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಶಬ್ದ ಮತ್ತು ಭೇದಿ ಕಾಣಿಸಿಕೊಂಡಿತು. ವಿಜ್ಞಾನಿಗಳು ಪರಿಶೀಲಿಸಿದ 50 ಹಳ್ಳಿಗಳಲ್ಲಿ 27ರಲ್ಲಿ ಈ ತೊಂದರೆ ಇತ್ತು. ಇದಕ್ಕೆ ಕಾರಣ ಫ್ಯುಮೋನಿಸಿನ್ ಎಂಬ, ಮತ್ತೊಂದು ಜಾತಿಯ ಬೂಷ್ಟಿನ ವಿಷ. ಆ ಕಾಳನ್ನು ಬಿಟ್ಟ ಮೇಲೆ ಎಲ್ಲರೂ ಗುಣಮುಖರಾದರು. ಒಂದು ದೃಷ್ಟಿಯಿಂದ ಇವರು ಅದೃಷ್ಟವಂತರೆನ್ನಬೇಕು. ಹೊಟ್ಟೆ ಕೂಡಲೇ ದೂರು ಕೊಟ್ಟಿತು. ಅಫ್ಲಾಟಾಕ್ಸಿನ್ ಹಾಗಲ್ಲ. ಸ್ವಲ್ಪ ಸ್ವಲ್ಪವಾಗಿ ಸೇರಿದರೆ ಅದು ಯಾವ ಸೂಚನೆಯನ್ನೂ ಕೊಡದೆ ಯಕೃತ್ತಿನಲ್ಲಿ ಕೆಲಸ ಮಾಡುತ್ತಿರುತ್ತದೆ. ವರ್ಷಗಳ ನಂತರ ಅದು ಯಕೃತ್ತಿನ ಅರ್ಬುದ ರೋಗವಾಗಿ, ಎಂದರೆ ಕ್ಯಾನ್ಸರ್ ಆಗಿ, ಪ್ರಕಟವಾಗಬಹುದು.

ಗರ್ಭಿಣಿ, ಬಾಣಂತಿ ಮತ್ತು ಮಗು

ಈ ವಿಷಯಕ್ಕೆ ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಸ್ಥಾನವೇಕೆ ಎಂದು ಕೆಲವರು ಕೇಳಬಹುದು. ತಾಯಿಯು ಉಂಡ ಅಫ್ಲಾಟಾಕ್ಸಿನ್ ಕರುಳಬಳ್ಳಿಯ ಮೂಲಕ ಗರ್ಭದಲ್ಲಿರುವ ಶಿಶುವನ್ನು ಮುಟ್ಟುತ್ತದೆ. ಬಾಣಂತಿಯ ದೇಹಕ್ಕೆ ಸೇರಿದ್ದರ ಒಂದು ಅಂಶವು ರೂಪ ಬದಲಿಸಿ ಎದೆಹಾಲಿನಲ್ಲಿ ಬರುತ್ತದೆ. ಇದರಿಂದ ಯಾವ ತಾಯಿಯೂ ಗಾಬರಿಯಾಗಿ ಮಗುವಿಗೆ ಹಾಲು ಬಿಡಿಸಕೂಡದು. ಮೊದಲ ಆರು ತಿಂಗಳು ತಾಯಿಯ ಹಾಲಿಗೆ ಸಮಾನವಾದ ಆಹಾರ ಬೇರೊಂದಿಲ್ಲ. ಬಿಡಬೇಕಾದದ್ದು ಬೂಷ್ಟಿನ ಕಾಳನ್ನು, ಎದೆಹಾಲನ್ನಲ್ಲ. ಆರು ತಿಂಗಳಾದ ಮೇಲೆ ಮಗುವಿಗೆ ಗಂಜಿ, ಹಿಟ್ಟಿನ ಅಂಬಲಿ ಆರಂಭಿಸುವ ಕಾಲದಲ್ಲಿ ಅಪಾಯ ಹೆಚ್ಚು. ಮಗುವಿನ ತೂಕ ಕಡಿಮೆ, ಊಟ ಒಂದೇ ಬಗೆಯದು. ಒಂದೇ ಚೀಲದ ಹಿಟ್ಟು ದಿನವೂ ಅದರ ಹೊಟ್ಟೆಗೆ ಹೋಗುತ್ತದೆ. ದೊಡ್ಡವರಿಗೆ ಅಲ್ಪವೆನಿಸುವುದು ಅದಕ್ಕೆ ಹೆಚ್ಚಾಗುತ್ತದೆ. ಅಫ್ಲಾಟಾಕ್ಸಿನ್ ಸೇರಿದ ಆಹಾರವನ್ನು ಸತತವಾಗಿ ಉಣ್ಣುವ ಮಕ್ಕಳು ಎತ್ತರದಲ್ಲಿಯೂ ತೂಕದಲ್ಲಿಯೂ ಹಿಂದೆ ಬೀಳುವುದನ್ನು ಆಫ್ರಿಕಾದ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಎಮ್ಮೆ ಮತ್ತು ಹಸುವಿನ ವಿಷಯವೂ ಇದೇ. ಬೂಷ್ಟಿನ ಕಾಳು ಅಥವಾ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗೆ ವಿಷದ ಅಂಶ ಕಾಣಿಸಿಕೊಳ್ಳುತ್ತದೆ. ಆ ಮೇವನ್ನು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಮತ್ತೆ ಶುದ್ಧವಾಗುತ್ತದೆ. ಹಾಲಿಗೆ ಬರುವುದು ತಿಂದದ್ದರ ಸಣ್ಣ ಭಾಗವಾದರೂ ಆ ಹಾಲನ್ನು ಕುಡಿಯುವುದು ಮಗುವೇ. ಕೋಳಿಮರಿ ಮತ್ತು ಬಾತುಕೋಳಿಮರಿಗಳಂತೂ ಈ ವಿಷವನ್ನು ತಾಳಲಾರವು. “ಕೋಳಿಗೆ ಆಗುತ್ತೆ” ಎಂದು ಹಾಕಿದ ಕಾಳಿನಿಂದ ಕೋಳಿಗಳು ಮಂಕಾಗಿ, ಮೊಟ್ಟೆ ನಿಂತು, ಮರಿಗಳು ಸತ್ತರೆ ಅದನ್ನು ಕೊಕ್ಕರೆರೋಗವೆಂದು ಮಾತ್ರ ತಿಳಿದು ಸುಮ್ಮನಿರಬಾರದು. ಹಾಕಿದ ಕಾಳನ್ನೂ ನೋಡಬೇಕು.

ಹೆಪಟೈಟಿಸ್ ಬಿ ಎಂಬ ಸೋಂಕು ರಕ್ತದಲ್ಲಿ ಉಳಿದಿರುವ ವ್ಯಕ್ತಿಯು ಅಫ್ಲಾಟಾಕ್ಸಿನ್ ಸೇರಿದ ಆಹಾರವನ್ನು ಉಂಡರೆ ಯಕೃತ್ತಿನ ಕ್ಯಾನ್ಸರಿನ ಸಂಭವ ಹಲವು ಪಟ್ಟು ಹೆಚ್ಚುತ್ತದೆ. ಎರಡೂ ಸೇರಿ ಒಂದೇ ಅಂಗವನ್ನು ಕೆಡಿಸುತ್ತವೆ. ಈ ಸೋಂಕು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ದಾಟಬಹುದು. ಇದನ್ನು ತಡೆಯುವ ಲಸಿಕೆಯ ಮೊದಲ ಚುಚ್ಚುಮದ್ದನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ಕೊಡಿಸಬೇಕು. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದೂ ಸೇರಿರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕೆಂದು ಆಶಾ ಕಾರ್ಯಕರ್ತೆಯರು ಒತ್ತಾಯಿಸುವುದಕ್ಕೆ ಇರುವ ಕಾರಣಗಳಲ್ಲಿ ಈ 24 ಗಂಟೆಗಳ ಅವಧಿಯೂ ಒಂದು.

ಹೊಲದಿಂದ ಕಣಕ್ಕೆ

ಬೂಷ್ಟು ಮನೆಯಲ್ಲಿಯೇ ಹುಟ್ಟುತ್ತದೆಂದು ತಿಳಿಯಬಾರದು. ತೆನೆ ಹಾಲುಗಟ್ಟಿ ಕಾಳು ತುಂಬುವಾಗ ಮಳೆ ಕೈಕೊಟ್ಟು ಬಿಸಿಲು ಹೊಡೆದರೆ ಗಿಡ ಸೊರಗುತ್ತದೆ. ಸೊರಗಿದ ಗಿಡದ ತೆನೆಯನ್ನು ಬೂಷ್ಟು ಹೊಲದಲ್ಲಿಯೇ ಹಿಡಿಯುತ್ತದೆ. ಹುಳು ಕೊರೆದ ತೂತು ಅದಕ್ಕೆ ಬಾಗಿಲಾಗುತ್ತದೆ. ಭಾರತದಲ್ಲಿ ಮೊಟ್ಟಮೊದಲಿಗೆ 2018ರಲ್ಲಿ ನಮ್ಮ ಕರ್ನಾಟಕದಲ್ಲಿಯೇ ಕಂಡುಬಂದ ಫಾಲ್ ಸೈನಿಕ ಹುಳು ಸುಳಿಯನ್ನಷ್ಟೇ ಅಲ್ಲದೆ ತೆನೆಯನ್ನೂ ಕೊರೆಯುತ್ತದೆ. ಹುಳು ಹತೋಟಿಗೆ ಔಷಧಿ ಹೊಡೆದವರು, ಡಬ್ಬಿಯ ಮೇಲೆ ಸೂಚಿಸಿದ ಕಾಯುವ ದಿನಗಳು ಕಳೆಯುವವರೆಗೆ ಸುಟ್ಟು ತಿನ್ನಲೆಂದು ಹಸಿ ತೆನೆಯನ್ನು ಮುರಿಯಬಾರದು. ಮಕ್ಕಳಿಗೂ ಇದನ್ನು ಹೇಳಿರಬೇಕು. ಬಿತ್ತನೆಯ ನಂತರ ಉಳಿದ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಎಷ್ಟು ತೊಳೆದರೂ ತಿನ್ನಲು ಬಳಸಕೂಡದು.

ತೆನೆಯ ಸಿಪ್ಪೆ ಹುಲ್ಲಿನಂತೆ ಬಿಳಿಚಿಕೊಂಡು, ಕಾಳನ್ನು ಕಿತ್ತು ನೋಡಿದಾಗ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಬೆಳೆ ಬಲಿತಿದೆ ಎಂದರ್ಥ. ಬಲಿತ ಮೇಲೆ ಮಳೆಯ ಸೂಚನೆಯಿದ್ದರೆ ಕಾಯುತ್ತ ಕೂರಬಾರದು. ಆಗ ಕಾಳಿನಲ್ಲಿ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಪಾಲು ನೀರಿರುತ್ತದೆ. ಹಸಿ ತೆನೆಗಳನ್ನು ಕಣದಲ್ಲಿ ಎತ್ತರವಾಗಿ ಒಟ್ಟಿ ತಾಡಪಾಲು ಮುಚ್ಚಿಟ್ಟರೆ, ಒಂದೆರಡು ದಿನಗಳಲ್ಲಿಯೇ ರಾಶಿಯೊಳಗೆ ಕಾವು ಏರುತ್ತದೆ. ರಾಶಿಯೊಳಗೆ ಕೈಯಿಟ್ಟರೆ ಬಿಸಿ ತಾಕುವುದು ನಿಮ್ಮ ಅನುಭವಕ್ಕೆ ಬಂದಿರಬಹುದು. ಆ ಬಿಸಿಯೇ ಬೂಷ್ಟು ಬೆಳೆಯುತ್ತಿರುವುದರ ಗುರುತು. ಕಟಾವಿನ ನಂತರದ ಈ ಮೊದಲ ಕೆಲವು ದಿನಗಳಲ್ಲಿ ಏನು ಮಾಡಿದಿರೋ ಅದರ ಮೇಲೆ ಇಡೀ ವರ್ಷದ ಕಾಳಿನ ಗುಣ ನಿಂತಿರುತ್ತದೆ. ಆಮೇಲೆ ಎಷ್ಟು ಜೋಪಾನ ಮಾಡಿದರೂ ಕೆಟ್ಟದ್ದು ಸರಿಹೋಗದು.

ಆದುದರಿಂದ ತೆನೆಗಳ ಸಿಪ್ಪೆಯನ್ನು ಬೇಗನೆ ಸುಲಿದು ತೆಳ್ಳಗೆ ಹರಡಬೇಕು. ಬೂಷ್ಟು ಹಿಡಿದ, ಹುಳು ತಿಂದ, ನೆಲಕ್ಕೆ ಬಿದ್ದು ಮಣ್ಣು ಹತ್ತಿದ ತೆನೆಗಳನ್ನು ಈ ಹಂತದಲ್ಲಿಯೇ ಬೇರೆ ಮಾಡುವುದು ಅತ್ಯಂತ ಲಾಭದಾಯಕ. ಯಂತ್ರದಲ್ಲಿ ಒಕ್ಕಿದ ಮೇಲೆ ಒಂದು ಕೆಟ್ಟ ತೆನೆಯ ಕಾಳು ನೂರು ಒಳ್ಳೆಯ ತೆನೆಗಳ ಕಾಳಿನೊಡನೆ ಬೆರೆತುಹೋಗುತ್ತದೆ; ಆಗ ಆರಿಸುವವರಾರು? ಒಕ್ಕಣೆ ಯಂತ್ರಕ್ಕೆ ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ಅವಸರದಲ್ಲಿ ಹಸಿ ತೆನೆಯನ್ನೇ ಒಕ್ಕಿಸುವುದುಂಟು. ಹಸಿ ಕಾಳು ಯಂತ್ರದಲ್ಲಿ ಒಡೆಯುತ್ತದೆ. ಒಡೆದ ಕಾಳಿಗೆ ಬೂಷ್ಟು ಬೇಗ ಹಿಡಿಯುತ್ತದೆ.

ಬರಿ ನೆಲದ ಮೇಲೆ ಕಾಳು ಹರಡಿದರೆ ಮಣ್ಣಿನಿಂದ ತೇವವೂ ಬೂಷ್ಟಿನ ಬೀಜಾಣುವೂ ಏರುತ್ತವೆ. ಹಾಗೆಂದು ಡಾಂಬರು ರಸ್ತೆಗೆ ಒಯ್ಯುವುದು ಸರಿಯಲ್ಲ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆಗಳ ಕೆಂಪು ಧೂಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರದಡಿ ಕಾಳು ಒಡೆಯುವುದಲ್ಲದೆ, ಕಾಳು ತಿರುವಲು ರಸ್ತೆಗಿಳಿದವರ ಪ್ರಾಣಕ್ಕೂ ಅಪಾಯ. ತಾಡಪಾಲು ಅಥವಾ ಸಿಮೆಂಟಿನ ಕಣ ಉತ್ತಮ. ಕಾಳಿನ ದಪ್ಪ ಎರಡು ಅಂಗುಲ ಮೀರಬಾರದು. ದಿನಕ್ಕೆ ನಾಲ್ಕೈದು ಸಲ ತಿರುವಬೇಕು. ಇಬ್ಬನಿ ಬೀಳುವುದಕ್ಕೆ ಮೊದಲು ಸಂಜೆಯೇ ಒಟ್ಟುಗೂಡಿಸಿ ಮುಚ್ಚಬೇಕು. ತಾಡಪಾಲಿಗೆ ಹಣ ಹಾಕುವುದು ಗಂಡಸರ ತೀರ್ಮಾನ, ದಿನವೆಲ್ಲ ಕಾಳು ತಿರುವಿ ಬಾಚುವುದು ಹೆಂಗಸರ ಕೆಲಸ ಎಂಬ ವಿಭಾಗ ನಮ್ಮ ಹಲವು ಮನೆಗಳಲ್ಲಿದೆ. ಬಿಸಿಲಿನಲ್ಲಿ ನಿಂತು ಕಾಳು ನೋಡುವವಳಿಗೆ ಅದು ಒಣಗಿದೆಯೋ ಇಲ್ಲವೋ ಎಂಬುದು ಹೆಚ್ಚು ಚೆನ್ನಾಗಿ ಗೊತ್ತಿರುತ್ತದೆ. ಚೀಲ ತುಂಬುವ ದಿನವನ್ನು ಗೊತ್ತುಮಾಡುವಾಗ ಅವಳ ಮಾತನ್ನು ಕೇಳುವುದು ವಿವೇಕ.

ಕಾಳು ಒಣಗಿದೆಯೆಂದು ತಿಳಿಯುವುದು ಹೇಗೆ?

ಹಲ್ಲಿನಲ್ಲಿ ಕಡಿದು ಕಟ್ಟೆಂದು ಒಡೆಯಿತೇ ಎಂದು ನೋಡುವುದು ಹಳೆಯ ಪದ್ಧತಿ. ಅದಕ್ಕಿಂತ ನಿಶ್ಚಿತವಾದ ಒಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಮುಚ್ಚಳವಿರುವ, ಚೆನ್ನಾಗಿ ಒಣಗಿದ ಒಂದು ಗಾಜಿನ ಬಾಟಲಿಯನ್ನು ತೆಗೆದುಕೊಳ್ಳಿ. ಅದರ ಮೂರನೆಯ ಒಂದು ಭಾಗದಷ್ಟು ಕಾಳು ತುಂಬಿ, ಬಿಸಿಲಿನಲ್ಲಿ ಅಥವಾ ಬಾಣಲೆಯಲ್ಲಿ ಬಿಸಿಮಾಡಿ ಆರಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಹಾಕಿ. ಮುಚ್ಚಳ ಬಿಗಿದು ಚೆನ್ನಾಗಿ ಅಲುಗಾಡಿಸಿ ಕಾಲು ಗಂಟೆ ಇಡಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡರೆ ಕಾಳಿನಲ್ಲಿ ನೂರಕ್ಕೆ ಹದಿನೈದು ಪಾಲಿಗಿಂತ ಹೆಚ್ಚಿನ ತೇವವಿದೆ, ಇನ್ನೂ ಒಣಗಬೇಕು. ಅಂಟದೆ ತಳಕ್ಕೆ ಇಳಿದರೆ ತೇವ ಹದಿನೈದಕ್ಕಿಂತ ಕಡಿಮೆಯಾಗಿದೆ. ಇಲ್ಲಿಗೇ ನಿಲ್ಲಿಸಬಾರದು. ತಿಂಗಳುಗಟ್ಟಲೆ ಇಡುವ ಕಾಳಿಗೆ ತೇವ ಹನ್ನೆರಡು, ಹದಿಮೂರಕ್ಕೆ ಇಳಿಯಬೇಕಾದ್ದರಿಂದ ಇನ್ನೂ ಒಂದೆರಡು ದಿನ ಒಳ್ಳೆಯ ಬಿಸಿಲು ಕೊಡಬೇಕು.

ಒಣಗಿಸಿದರೆ ತೂಕ ಹೋಗುತ್ತದೆಂಬುದು ರೈತರ ಅಳಲು. ಲೆಕ್ಕ ಹಾಕಿ ನೋಡೋಣ. ನೂರಕ್ಕೆ ಹದಿನೆಂಟು ಪಾಲು ತೇವವಿರುವ ಒಂದು ಕ್ವಿಂಟಲ್ ಕಾಳನ್ನು ಹದಿಮೂರಕ್ಕೆ ಇಳಿಸಿದರೆ ಸುಮಾರು 94 ಕಿಲೋ ಉಳಿಯುತ್ತದೆ. ಹೋದದ್ದು ಆರು ಕಿಲೋ ನೀರು. ವ್ಯಾಪಾರಿಯು ತೇವವೆಂದು ದರ ಇಳಿಸುವಾಗ ಆ ಆರು ಕಿಲೋವನ್ನು ಹೇಗೂ ಮುರಿದುಕೊಳ್ಳುತ್ತಾನೆ. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಕೂಡ ತೇವಾಂಶವು ನೂರಕ್ಕೆ ಹದಿನಾಲ್ಕನ್ನು ಮೀರಕೂಡದೆಂಬ ನಿಯಮವಿದೆ. ಆದರೂ ಸಾಲಗಾರನ ಗಡುವು ಎದುರಿಗಿದ್ದಾಗ ವಾರ ಕಾಯುವುದು ಎಲ್ಲರಿಗೂ ಸಾಧ್ಯವಾಗದು. ಅಂಥವರು ಮಾರುವ ಕಾಳನ್ನು ಮಾರಿದರೂ, ಮನೆಗೆಂದು ಉಳಿಸಿಕೊಳ್ಳುವ ಎರಡು ಚೀಲವನ್ನಾದರೂ ಪೂರ್ತಿ ಒಣಗಿಸಿಕೊಳ್ಳಬಹುದಲ್ಲವೇ?

ಶೇಖರಣೆ

ಒಣಗಿದ ಕಾಳು ಆರಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಚೀಲಗಳನ್ನು ನೆಲಕ್ಕೆ ಮತ್ತು ಗೋಡೆಗೆ ತಾಗಿಸದೆ, ಹಲಗೆ ಅಥವಾ ಕಟ್ಟಿಗೆಯ ಅಟ್ಟಣೆಯ ಮೇಲೆ ಇಡಬೇಕು. ಮಾಳಿಗೆ ಸೋರುವ ಜಾಗದ ಕೆಳಗೆ ಇಡಕೂಡದು. ಗೊಬ್ಬರದ, ಔಷಧಿಯ ಖಾಲಿ ಚೀಲ ಅಥವಾ ಡಬ್ಬಿಗಳಲ್ಲಿ ಎಂದಿಗೂ ಧಾನ್ಯ ತುಂಬಬಾರದು. ನಮ್ಮ ಬಯಲುಸೀಮೆಯ ಹಳೆಯ ಹಗೇವುಗಳು ಬರಗಾಲದಲ್ಲಿ ಊರನ್ನು ಕಾಪಾಡಿದವು ನಿಜ. ಆದರೆ ಅವುಗಳಲ್ಲಿಯೂ ಗೋಡೆಗೆ ತಾಗಿದ ಕಾಳು ಮುಗ್ಗುವುದನ್ನು ಹಿರಿಯರು ಬಲ್ಲರು. ತೇವ ಆರದ ಮೆಕ್ಕೆಜೋಳಕ್ಕೆ ನೆಲಮಾಳಿಗೆ ತಕ್ಕ ಸ್ಥಳವಲ್ಲ. ಈಗ ದೊರೆಯುವ ಗಾಳಿಯಾಡದ ಪದರದ ಚೀಲಗಳು ಹುಳುವನ್ನು ಚೆನ್ನಾಗಿ ತಡೆಯುತ್ತವೆ; ಆದರೆ ಒಣಗಿದ ಕಾಳನ್ನೇ ತುಂಬಬೇಕು. ಬೇವಿನ ಸೊಪ್ಪು, ಬೂದಿ ಬೆರೆಸುವ ರೂಢಿ ಹುಳುವಿನ ಮಟ್ಟಿಗೆ ಉಪಯುಕ್ತ. ಬೂಷ್ಟಿಗೆ ಅದು ಮದ್ದಲ್ಲ.

ಹುಳುವಿಗೆಂದು ಕೆಲವರು ಕಾಳಿನ ಚೀಲಗಳ ನಡುವೆ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಇಡುತ್ತಾರೆ. ಗಾಳಿಯ ತೇವ ತಾಗಿದೊಡನೆ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಬಣ್ಣವಿಲ್ಲ, ಇದಕ್ಕೆ ಪ್ರತಿವಿಷವೂ ಇಲ್ಲ. ಮಾತ್ರೆ ಇಟ್ಟ ಕೋಣೆಯಲ್ಲಿಯೋ ಪಕ್ಕದ ಕೋಣೆಯಲ್ಲಿಯೋ ಮಲಗಿದ ಮಕ್ಕಳು ಬೆಳಗಾಗುವುದರೊಳಗೆ ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ತರಬೇತಿ ಪಡೆದವರಲ್ಲದೆ ಬೇರಾರೂ ಇದನ್ನು ಬಳಸಬಾರದು; ಜನ ವಾಸಿಸುವ ಮನೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಹಿಂದಿರುಗಿದ ಎರಡು ಚೀಲ

ಈಗ ಮೊದಲಿನ ಮನೆಗೆ ಬರೋಣ. ವ್ಯಾಪಾರಿ ಬಿಟ್ಟ ಚೀಲದ ಕಾಳನ್ನು ಹಗಲು ಬೆಳಕಿನಲ್ಲಿ ಮೊರಕ್ಕೆ ಸುರಿದು ನೋಡಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೇರಬೇಕು; ಬೂಷ್ಟಿನ ಧೂಳು ಉಸಿರಿಗೆ ಒಳ್ಳೆಯದಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಈ ಕೆಲಸ ಮಾಡಬಾರದು. ಹಸಿರು, ಕಪ್ಪು, ಬೂದು ಬಣ್ಣ ತಿರುಗಿದ ಕಾಳು, ಸುಕ್ಕುಗಟ್ಟಿದ ಕಾಳು, ತೂತು ಬಿದ್ದ ಮತ್ತು ಒಡೆದ ಕಾಳನ್ನು ತೆಗೆಯಬೇಕು. ವಿಷದ ಬಹುಭಾಗವು ಇಂಥ ಕೆಲವೇ ಕಾಳುಗಳಲ್ಲಿ ಸೇರಿಕೊಂಡಿರುವುದರಿಂದ, ಕಣ್ಣಿಟ್ಟು ಆರಿಸುವ ಈ ಹಳೆಯ ಕೆಲಸಕ್ಕೆ ಬಹಳ ಬೆಲೆಯಿದೆ. ನಮ್ಮ ತಾಯಂದಿರು ಮೊರದ ಮುಂದೆ ಕಳೆಯುತ್ತಿದ್ದ ಆ ಒಂದು ಗಂಟೆಯನ್ನು ಗಿರಣಿಯ ಕಾಲದಲ್ಲಿ ನಾವು ಕೈಬಿಟ್ಟಿದ್ದೇವೆ.

ಆದರೆ ಇದಕ್ಕೂ ಒಂದು ಮಿತಿಯಿದೆ. ಹತ್ತರಲ್ಲಿ ಒಂದು ಕೆಟ್ಟಿದ್ದರೆ ಆರಿಸಬಹುದು. ಚೀಲವೆಲ್ಲ ಮುಗ್ಗಲು ಹಿಡಿದು, ಕಾಳು ಉಂಡೆಗಟ್ಟಿದ್ದರೆ ಆರಿಸುವುದರಿಂದ ಪ್ರಯೋಜನವಿಲ್ಲ. ಅದು ಅಡುಗೆಗೂ ಬಾರದು, ಎಮ್ಮೆಗೂ ಬಾರದು, ಕೋಳಿಗೂ ಬಾರದು. ಒಳ್ಳೆಯ ಕಾಳಿನೊಡನೆ ಬೆರೆಸಿ ಮಾರುವುದೆಂದರೆ ನಮ್ಮ ಮನೆಯ ವಿಷವನ್ನು ಬೇರೆ ಮನೆಗೆ ದಾಟಿಸಿದಂತೆ. ಬಾವಿ ಮತ್ತು ಹಳ್ಳದಿಂದ ದೂರದಲ್ಲಿ ಆಳವಾಗಿ ಗುಂಡಿ ತೆಗೆದು ಮುಚ್ಚುವುದೇ ಸರಿ. ಎರಡು ಚೀಲ ಮಣ್ಣುಪಾಲಾಗುವುದನ್ನು ನೋಡುವುದು ಬಡ ಕುಟುಂಬಕ್ಕೆ ಎಷ್ಟು ಸಂಕಟವೆಂಬುದು ಈ ಪುಸ್ತಿಕೆಯನ್ನು ಸಿದ್ಧಪಡಿಸಿದವರಿಗೆ ತಿಳಿಯದ ವಿಷಯವಲ್ಲ. ಅಷ್ಟು ದಿನದ ಊಟಕ್ಕೆ ಪಡಿತರದ ಅಕ್ಕಿಯನ್ನೋ ಮನೆಯಲ್ಲಿರುವ ಒಳ್ಳೆಯ ಜೋಳವನ್ನೋ ಬಳಸಬಹುದು. ಕೆಟ್ಟ ಯಕೃತ್ತಿಗೆ ಬದಲಿ ಇಲ್ಲ. ಒಂದೇ ಧಾನ್ಯವನ್ನು ನೆಚ್ಚದೆ ಜೋಳ, ಸಜ್ಜೆ, ರಾಗಿ, ಅಕ್ಕಿಗಳನ್ನು ಬದಲಿಸಿ ಉಣ್ಣುವ ಮನೆಯಲ್ಲಿ, ಯಾವುದೋ ಒಂದು ಚೀಲ ಕೆಟ್ಟಿದ್ದರೂ ಅದರ ಪ್ರಭಾವ ಕಡಿಮೆಯಾಗುತ್ತದೆ.

ಮೆಕ್ಕೆಜೋಳವನ್ನು ಉಣ್ಣುವ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ವಾಂತಿ, ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು, ಕಾಲು ಬಾವು ಇವು ಕಂಡರೆ, ಅಥವಾ ಅದೇ ಸಮಯದಲ್ಲಿ ನಾಯಿ, ಕೋಳಿ ಸಾಯುತ್ತಿದ್ದರೆ ನಾಟಿ ಔಷಧಿಗೆ, ಮಂತ್ರಕ್ಕೆ ದಿನ ಕಳೆಯಬಾರದು. ಆ ಕಾಳನ್ನು ಉಣ್ಣುವುದನ್ನು ಅಂದೇ ನಿಲ್ಲಿಸಿ ರೋಗಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಕರೆದೊಯ್ಯಬೇಕು. ಹೋಗುವಾಗ ಮನೆಯಲ್ಲಿ ಬಳಸುತ್ತಿದ್ದ ಕಾಳು ಮತ್ತು ಹಿಟ್ಟನ್ನು ಒಂದೊಂದು ಸೇರಿನಷ್ಟು ಒಣ ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಹೋಗಿ ವೈದ್ಯಾಧಿಕಾರಿಗಳಿಗೆ ತೋರಿಸಬೇಕು. ಉಳಿದ ಕಾಳನ್ನು ಅವರು ಹೇಳುವವರೆಗೆ ಚೆಲ್ಲದೆ, ಯಾರೂ ಬಳಸದಂತೆ ಬೇರೆ ಕಟ್ಟಿಡಬೇಕು.